ಒಂದೇ ಡಬ್ಬಿಯ ಕೆಂಪು ಬಣ್ಣ

*ಇಂದಿನ ಧಮ್ಮ ಅಧ್ಯಯನ*



ರಾಮದುರ್ಗದ ಒಬ್ಬ ಉಪಾಸಿಕೆ ಹೋದ ವಾರ ನಮ್ಮ ಗುಂಪಿಗೆ ಒಂದು ಪ್ರಶ್ನೆ ಕಳಿಸಿದ್ದರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸಂಜೆ ರೂಮಿಗೆ ಬಂದವನೇ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಸೈನಿಕರನ್ನು ಜೋಡಿಸಿ, ಅಂಟಿಸಿ, ಕೂದಲೆಳೆಯಂಥ ಬ್ರಶ್ಶಿನಿಂದ ಬಣ್ಣ ಹಚ್ಚುತ್ತ ಕೂಡುತ್ತಾನೆ. ಭಾನುವಾರ ಗೆಳೆಯರು ಸೇರಿ ಅವನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡುತ್ತಾರೆ. “ಪಂಚಶೀಲ ತಗೊಂಡ ಮನ್ಯಾಗ ಇದು ಸರಿ ಏನ್ರಿ ಸರ್?” ಅಂತ ಅವರ ಕೇಳಿಕೆ. ಗುಂಪಿನಲ್ಲಿ ಇಬ್ಬರು “ಹಿಂಸೆಯ ಆಟ, ಬಿಡಿಸಿರಿ” ಎಂದು ಬರೆದರು. ಒಬ್ಬರು ನಗುವ ಮುಖ ಹಾಕಿ ಸುಮ್ಮನಾದರು. ನಾನು ನಾಲ್ಕು ದಿನ ತಗೊಂಡು ಉತ್ತರ ಬರೆಯುತ್ತಿದ್ದೇನೆ, ಯಾಕಂದರೆ ಈ ಕೆಲಸ ನನ್ನ ಕೈಗೂ ತುಸು ಗೊತ್ತು.

ಮೊದಲು ನಿಯಮದ ಮಾತು ಮುಗಿಸಿಬಿಡೋಣ. ದೀಘನಿಕಾಯದ ಬ್ರಹ್ಮಜಾಲ ಸುತ್ತದಲ್ಲಿ ಸಮಣರು ದೂರವಿಡಬೇಕಾದ ಆಟ, ನೋಟಗಳ ಉದ್ದ ಪಟ್ಟಿ ಇದೆ. ಎಂಟು ಮನೆ, ಹತ್ತು ಮನೆ ಸಾಲಿನ ಹಾಸಿನ ಆಟ ಅದರಲ್ಲಿದೆ. ಅಣಕು ಯುದ್ಧ, ಸೈನ್ಯದ ವ್ಯೂಹ ನೋಡಲು ಹೋಗುವುದೂ ಅದರಲ್ಲಿದೆ. ಅದು ಮನೆ ಬಿಟ್ಟವರಿಗೆ ಹೇಳಿದ್ದು. ಗೃಹಸ್ಥರಿಗೆ ಇರುವುದು ಪಂಚಶೀಲ, ಜೊತೆಗೆ ಆಯುಧ ಮಾರಿ ಬದುಕಬೇಡಿ ಎಂಬ ಮಾತು. ಪ್ಲಾಸ್ಟಿಕ್ ಬಂದೂಕು ಆಯುಧವಲ್ಲ. ಹಾಗಾಗಿ ಶೀಲಭಂಗ ಎಂದು ಯಾರೂ ಆ ಹುಡುಗನ ಮೇಲೆ ಏರಿಹೋಗಬೇಕಿಲ್ಲ. ಆದರೆ ನಿಯಮ ಮುರಿಯಲಿಲ್ಲ ಎಂದ ಮಾತ್ರಕ್ಕೆ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ನೋಡುವ ಕೆಲಸ ಮುಗಿಯುವುದಿಲ್ಲ. ಧಮ್ಮದ ಕೆಲಸ ಅಲ್ಲಿಂದಲೇ ಶುರು.

ಆಟದ ಚರಿತ್ರೆ ಸ್ವಲ್ಪ ತಿಳಿದಿರಲಿ. ಆನೆ, ಕುದುರೆ, ರಥ, ಕಾಲಾಳು ಎಂದು ಸೈನ್ಯವನ್ನು ಹಾಸಿನ ಮೇಲೆ ತಂದ ಚದುರಂಗ ನಮ್ಮ ದೇಶದ್ದೇ. ಜರ್ಮನಿಯ ಪ್ರಷ್ಯಾ ರಾಜ್ಯದಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ ನಕ್ಷೆಯ ಮೇಲೆ ಆಡುವ ಯುದ್ಧದಾಟದ ನಿಯಮಗಳನ್ನು ಅಚ್ಚು ಹಾಕಿಸಿದ್ದು 1824ರಲ್ಲಿ. ಕೆಂಪು ಒಂದು ಪಕ್ಷ, ನೀಲಿ ಒಂದು ಪಕ್ಷ. ಸಣ್ಣ ಸಣ್ಣ ಬಿಲ್ಲೆಗಳು. ಎಷ್ಟು ಜನ ಸತ್ತರು ಎಂದು ದಾಳ ಹೇಳುತ್ತದೆ. 1824 ಎಂದಕೂಡಲೇ ನಮ್ಮ ಕಡೆಯವರಿಗೆ ಏನು ನೆನಪಾಗಬೇಕೋ ಅದೇ: ಅದೇ ವರ್ಷ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಬಾಗಿಲಲ್ಲಿ ಥ್ಯಾಕರೆ ಸತ್ತ. ಅಲ್ಲಿ ಸತ್ತವರ ಲೆಕ್ಕ ದಾಳ ಹೇಳಲಿಲ್ಲ. 1913ರಲ್ಲಿ ಎಚ್.ಜಿ. ವೆಲ್ಸ್ ಎಂಬ ಇಂಗ್ಲಿಷ್ ಲೇಖಕ ಸೀಸದ ಬೊಂಬೆ ಸೈನಿಕರಿಂದ ಮನೆಯ ನೆಲದ ಮೇಲೆ ಆಡುವ ಆಟಕ್ಕೆ ಪುಸ್ತಕವನ್ನೇ ಬರೆದ. ನಿಜವಾದ ಯುದ್ಧಕ್ಕಿಂತ ಇದು ಎಷ್ಟೋ ವಾಸಿ ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಬಂತು. ಈಗ ಆ ಹುಡುಗ ಆಡುವಂಥ ಆಟಗಳಲ್ಲಿ ಹೆಸರಾದದ್ದು ವಾರ್‌ಹ್ಯಾಮರ್, 1983ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಬೊಂಬೆಯ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರಿನ ಆಸುಪಾಸು.

ಇಷ್ಟು ದೂರದ್ದು ಅಂತ ತಿಳಿಯಬೇಡಿ. ಬೆಳಗಾವಿ ಶಹರದಲ್ಲಿ ದೀಪಾವಳಿಗೆ ಓಣಿಯ ಹುಡುಗರು ಕಲ್ಲು, ಮಣ್ಣು, ಗೋಣಿಚೀಲದಿಂದ ರಾಯಗಡ, ಪ್ರತಾಪಗಡ ಕಟ್ಟಿ, ಬೀಜ ಚೆಲ್ಲಿ ಹಸಿರು ಬರಿಸಿ, ಪೇಟೆಯಿಂದ ತಂದ ಬಣ್ಣದ ಮಾವಳೆ ಸೈನಿಕರನ್ನು ಮೆಟ್ಟಿಲು ಮೆಟ್ಟಿಲಿಗೆ ನಿಲ್ಲಿಸುವುದನ್ನು ನೋಡಿದ್ದೀರಿ. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಕಾರಹುಣ್ಣಿಮೆಯಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಪೂಜೆ ನಾವು ಬಿಟ್ಟಿದ್ದೇವೆ. ಮಣ್ಣು ಸಿಕ್ಕರೆ ಎರಡು ಎತ್ತು ತಿದ್ದುವ ಕೈಚಾಳಿ ಬಿಟ್ಟಿಲ್ಲ, ಬಿಡುವುದೂ ಬೇಕಿಲ್ಲ. ಪಕ್ಕದ ಗೋಕಾಕದಲ್ಲಿ ಬಣ್ಣದ ಬೊಂಬೆಯೇ ಹೊಟ್ಟೆಪಾಡಾದ ಮನೆಗಳಿವೆ. ಕೊಪ್ಪಳದ ಕಿನ್ನಾಳದಲ್ಲೂ ಇವೆ.

2024ರಲ್ಲಿ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದಾಗ ನಮ್ಮ ಶಾಲೆಯ ಎಂಟನೇ ತರಗತಿಯವರು ಆ ಯುದ್ಧವನ್ನು ಮೇಜಿನ ಮೇಲೆ ಮಾಡಿದರು. ನಾನು ಕನ್ನಡದ ಮೇಷ್ಟ್ರು, ಚಿತ್ರಕಲೆಯವನಲ್ಲ. ಆದರೆ ಚಿತ್ರಕಲೆಯ ಹುದ್ದೆ ಖಾಲಿ ಇದ್ದಲ್ಲಿ ಯಾರು ಮಾಡಬೇಕೆಂದು ನಿಮಗೆ ಗೊತ್ತೇ ಇದೆ. ಮೊದಲು ಹೊಲದ ಎರೆಮಣ್ಣು ತಂದರು. ಒಣಗಿದ ಮರುದಿನ ಎಲ್ಲ ಸೈನಿಕರ ಹೊಟ್ಟೆ ಬಿರುಕು ಬಿಟ್ಟಿತ್ತು. ಆಮೇಲೆ ಕೆರೆಯ ಜೇಡಿ ತಂದು, ಹರಳು ಆರಿಸಿ, ಬಿಡಿಸಿದ ಹತ್ತಿಯ ಎಳೆ ಸೇರಿಸಿ ನಾದಿದರು. ಒಳಗೆ ಸಣ್ಣ ತಂತಿಯ ಎಲುಬು. ನೆರಳಲ್ಲಿ ಒಣಗಿಸಿದ್ದು ಐದು ದಿನ. ಉಳಿದ ಬಿರುಕಿಗೆ ನೆನೆಸಿ ಅರೆದ ಹುಣಸೆಬೀಜದ ಅಂಟು, ಅದರಲ್ಲಿ ಸೀಮೆಸುಣ್ಣದ ಪುಡಿ. ಹುಣಸೆಬೀಜದ ಅಂಟು ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗೆ ಬಳಸುವ ವಸ್ತು. ನಮ್ಮ ಮಕ್ಕಳ ಜೇಡಿಗೂ ಅದು ಒಗ್ಗಿತು. ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿ ಇದೆಯಲ್ಲ, ಒಬ್ಬ ಹುಡುಗ ಅದಕ್ಕೆ ಪೆನ್ನಿನ ರೀಫಿಲ್ ತುಂಡು ಕೂರಿಸಿದ್ದ. ಅದರೊಳಗೆ ಕಣ್ಣಿಟ್ಟು ನೋಡಲು ಎರಡು ದಿನ ಸಾಲು ಹಚ್ಚಿದ್ದರು.

ಬಣ್ಣಕ್ಕೆ ಒಂದು ಕ್ರಮವಿದೆ. ಬೆಂಗಳೂರಿನ ಆ ಹುಡುಗನೂ ಇದನ್ನೇ ಮಾಡುತ್ತಿರಬೇಕು, ಪ್ಲಾಸ್ಟಿಕ್ಕಾದರೂ ಮಣ್ಣಾದರೂ ಒಂದೇ. ಮೊದಲು ಮೈಗೆಲ್ಲ ಒಂದು ತೆಳು ಅಸ್ತರು, ಬಣ್ಣ ಹಿಡಿಯಲೆಂದು. ಆಮೇಲೆ ಒಳಗಿನಿಂದ ಹೊರಕ್ಕೆ: ಮೊದಲು ಚರ್ಮ, ಆಮೇಲೆ ಬಟ್ಟೆ, ಆಮೇಲೆ ಪಟ್ಟಿ, ಕಡೆಗೆ ಆಯುಧ. ಹೊರಗಿನದನ್ನು ಮೊದಲು ಹಚ್ಚಿದರೆ ಒಳಗಿನದು ಹಚ್ಚುವಾಗ ಕುಂಚ ತಾಗಿ ಕೆಡುತ್ತದೆ. ನೀರಾಗಿಸಿದ ಕಪ್ಪು ಬಣ್ಣ ಸವರಿದರೆ ಅದು ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ. ಒಣ ಕುಂಚದಿಂದ ತಿಳಿಬಣ್ಣ ಉಜ್ಜಿದರೆ ಉಬ್ಬುಗಳಿಗೆ ಬೆಳಕು ಬೀಳುತ್ತದೆ. ಮೂಗು, ಹುಬ್ಬು, ಬೆರಳ ಗೆಣ್ಣು ಆಗಲೇ ಕಾಣುವುದು.

ಹೀಗಾಗಿ ಒಂದು ಮಧ್ಯಾಹ್ನ 136 ಬೊಂಬೆಗಳು ಕಿಟಕಿಯ ಕಟ್ಟೆ ಮೇಲೆ ಬರೀ ಚರ್ಮದ ಬಣ್ಣದಲ್ಲಿ ನಿಂತಿದ್ದವು. ಬೆರಳೆಣಿಕೆಯ ಬಿಳಿಯರನ್ನು ಬಿಟ್ಟರೆ ಎಲ್ಲ ಒಂದೇ ಕಂದು. ಯಾವುದು ಕಿತ್ತೂರು, ಯಾವುದು ಕಂಪನಿ ಎಂದು ಮಾಡಿದವರಿಗೇ ಗುರುತು ಸಿಗಲಿಲ್ಲ. ಕಂಪನಿಯ ಸೈನ್ಯದಲ್ಲಿ ಬಹುಪಾಲು ಸಿಪಾಯಿಗಳು ಈ ದೇಶದವರೇ ಅಲ್ಲವೇ. ಮಕ್ಕಳಿಗೆ ಇದು ಪಾಠದಲ್ಲಿ ಬಂದಿರಲಿಲ್ಲ, ಕಿಟಕಿಯಲ್ಲಿ ಕಂಡಿತು. ನಮ್ಮ ತಲೆಮಾರಿಗೆ ಕಿತ್ತೂರು ಕಂಡದ್ದು 1961ರ ಸಿನಿಮಾದಲ್ಲಿ, ಅದೂ ಕಪ್ಪು ಬಿಳುಪು!

ಮರುದಿನ ಕೆಂಪು ಡಬ್ಬಿ ತೆರೆದೆವು. ಕಂಪನಿಯ ಕಾಲಾಳುಗಳ ಕೋಟು ಕೆಂಪು. ನಮ್ಮ ಓಣಿಯ ಒಬ್ಬ ಹುಡುಗಿ ಕುಂಚ ಅದ್ದಿದವಳು ಹಚ್ಚದೆ ನಿಂತಳು. “ಸರ್, ಕೋರೆಗಾಂವದಾಗ ಕೆಂಪು ಕೋಟಿನವ್ರು ನಮ್ಮವ್ರು ಅಂದ್ರಿ. ಇಲ್ಲಿ ಕೆಂಪು ಕೋಟಿನವ್ರು ವೈರಿ ಅಂತೀರಿ. ಯಾವ್ದು ಖರೆ?”

ನಾನು ಹಲಗೆಯ ಮೇಲೆ ಎರಡು ಇಸವಿ ಬರೆದೆ: 1818, 1824. ನಡುವೆ ಬರೀ ಆರು ವರ್ಷ. 1818ರ ಜನವರಿ 1ರಂದು ಭೀಮಾ ನದಿಯ ದಂಡೆಯಲ್ಲಿ ಪೇಶ್ವೆಯ ಸೈನ್ಯದ ಎದುರು ನಿಂತ ಕಂಪನಿ ತುಕಡಿಯಲ್ಲಿ ಮಹಾರ್ ಸಿಪಾಯಿಗಳಿದ್ದರು. ‘ನಾಕ್’ ಎಂದು ಮುಗಿಯುವ ಅವರ ಹೆಸರುಗಳು ಅಲ್ಲಿನ ಕಂಬದ ಮೇಲಿವೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದರು. ಮುಟ್ಟಿಸಿಕೊಳ್ಳದವರ ಎದುರು ನೆಟ್ಟಗೆ ನಿಲ್ಲಲು ಸಿಕ್ಕ ಮೊದಲ ಬಟ್ಟೆ ಆ ಕೋಟು. ಕಿತ್ತೂರಿನಲ್ಲಿ ಅದೇ ಕೋಟು ಒಬ್ಬ ಹೆಣ್ಣುಮಗಳ ಸಂಸ್ಥಾನ ಕಸಿಯಲು ಬಂತು. ಚೆನ್ನಮ್ಮ 1829ರಲ್ಲಿ ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ತೀರಿಕೊಂಡಳು. ಮುಂದೆ 1890ರ ದಶಕದಲ್ಲಿ ಅದೇ ಸರಕಾರ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಕೋಟಿನ ಒಡೆಯ ಕೋಟು ವಾಪಸು ಕೇಳಿದ. ಎರಡೂ ಖರೆ ಎಂದೆ. ಆಕೆಗೆ ಪೂರ್ತಿ ಸಮಾಧಾನ ಆಗಲಿಲ್ಲ ಅನ್ನಿಸುತ್ತದೆ. ಆದರೆ ಆ ಹುಡುಗಿ ತನ್ನ ಪಾಲಿನ ಹನ್ನೆರಡು ಸಿಪಾಯಿಗಳ ಮುಖವನ್ನು ಉಳಿದವರಿಗಿಂತ ನಿಧಾನವಾಗಿ ತಿದ್ದಿದಳು. ವೈರಿ ಎಂದು ಬೇರೆ ಮಕ್ಕಳು ಬರೆದ ಕೋರೆಮೀಸೆ, ಕೆಂಗಣ್ಣು ಅವಳ ಬೊಂಬೆಗಳಿಗೆ ಇರಲಿಲ್ಲ.

ಸಂಯುತ್ತನಿಕಾಯದಲ್ಲಿ ಬುದ್ಧ ಚಿತ್ರಕಾರನ ಹೋಲಿಕೆ ಕೊಡುತ್ತಾನೆ. ಅರಗು, ಅರಿಶಿನ, ನೀಲಿ, ಮಂಜಿಷ್ಠದ ಬಣ್ಣಗಳಿಂದ ಅವನು ನುಣುಪಾದ ಹಲಗೆಯ ಮೇಲೋ ಬಟ್ಟೆಯ ಮೇಲೋ ಗಂಡಿನ, ಹೆಣ್ಣಿನ ರೂಪವನ್ನು ಅಂಗಾಂಗ ಸಮೇತ ಎಬ್ಬಿಸುತ್ತಾನೆ. ತಿಳಿವಳಿಕೆ ಇಲ್ಲದವನೂ ಹಾಗೆಯೇ ರೂಪ, ವೇದನೆ, ಸಞ್ಞಾ, ಸಂಖಾರ, ವಿಞ್ಞಾಣಗಳನ್ನು ತಾನೇ ಎಬ್ಬಿಸುತ್ತಿರುತ್ತಾನೆ ಎಂಬುದು ಅದರ ತಾತ್ಪರ್ಯ. ಎಷ್ಟೋ ಸಲ ಓದಿದ್ದೆ. ಕೆಂಪು ಡಬ್ಬಿಯ ಆ ದಿನ ಇದರಲ್ಲಿ ‘ಸಞ್ಞಾ’ ಎಂದರೇನು ಎಂದು ನನಗೆ ತಿಳಿಯಿತು: ಜೇಡಿಗೆ ವೈರಿ ಎಂಬ ಗುರುತು ಇರಲಿಲ್ಲ, ಎಂಟನೇ ತರಗತಿಯಲ್ಲಿ ಒಂದು ಗಂಟೆಯಲ್ಲಿ ಬಂತು.

ಇನ್ನೊಂದು ಸಂಗತಿ ಹೇಳಲೇಬೇಕು. ಅಕ್ಟೋಬರಿನ ಯುದ್ಧದಲ್ಲಿ ಎಲ್ಲ ಬಿಳಿಯರೂ ಸಾಯಲಿಲ್ಲ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳನ್ನು ಕಿತ್ತೂರಿನವರು ಸೆರೆ ಹಿಡಿದು ಕೋಟೆಯಲ್ಲಿಟ್ಟರು, ಕೊಲ್ಲಲಿಲ್ಲ, ಆಮೇಲೆ ಬಿಟ್ಟರು. ಮಕ್ಕಳಿಗೆ ಈ ಇಬ್ಬರನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಯುದ್ಧದಾಟದಲ್ಲಿ ನಿಂತವರಿದ್ದಾರೆ, ಬಿದ್ದವರಿದ್ದಾರೆ. ಉಳಿಸಿಕೊಂಡವರಿಗೆ ಜಾಗ ಕಡಿಮೆ. ಆ ವಾಲ್ಟರ್ ಎಲಿಯಟ್‌ಗೆ ಆಗ 21 ವರ್ಷ. ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದವನು ಅವನೇ, ಎಂ.ಎ. ಓದುವಾಗ ಶಾಸನಶಾಸ್ತ್ರದ ಪತ್ರಿಕೆಯಲ್ಲಿ ಅವನ ಹೆಸರು ಓದಿದ್ದೆ, ಕಿತ್ತೂರಿನ ಸೆರೆಯಾಳು ಎಂದು ಗೊತ್ತಿರಲಿಲ್ಲ. 1845ರಲ್ಲಿ ಅಮರಾವತಿಯ ಬೌದ್ಧ ಸ್ತೂಪವನ್ನು ಅಗೆಸಿದವನೂ ಅವನೇ. ಅಲ್ಲಿನ ಕೆತ್ತನೆ ಕಲ್ಲುಗಳು ಮದರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋದವು, ಇವತ್ತಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಮ್ಮ ಕಲ್ಲನ್ನು ಹೊತ್ತೊಯ್ದ ಸರಕಾರಕ್ಕೆ ನಾನೇನೂ ಹೂಮಾಲೆ ಹಾಕುವುದಿಲ್ಲ. ಆದರೂ ಕಿತ್ತೂರಿನ ಕೋಟೆಯೊಳಗೆ ಯಾರೋ ಒಬ್ಬರು ಆ ದಿನ ಎತ್ತಿದ ಕತ್ತಿ ಇಳಿಸಿದರು. ಮಕ್ಕಳು ಕೊನೆಗೆ ಇಬ್ಬರನ್ನೂ ಅರಮನೆಯ ಪಡಸಾಲೆಯಲ್ಲಿ ಕೂರಿಸಿ, ಮುಂದೆ ಒಂದು ನೀರಿನ ತಂಬಿಗೆ ಇಟ್ಟರು. ತಂಬಿಗೆ ಯಾರು ಹೇಳಿದ್ದೂ ಅಲ್ಲ.

ಇದೇ ರೀತಿ ಆಟದಲ್ಲಿ ಜಾಗವಿಲ್ಲದ ಇನ್ನೊಬ್ಬನಿದ್ದಾನೆ. ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಸಂಘದ ಸಭೆಯಲ್ಲಿ ಎದ್ದು ನಿಂತು ಬೇಡ ಎಂದ ಸಿದ್ಧಾರ್ಥ. ಬಹುಮತ ಅವನ ವಿರುದ್ಧ ಬಿತ್ತು. ಸೈನ್ಯ ಸೇರಲು ಒಪ್ಪದೆ ಮನೆ ಬಿಟ್ಟ. ಮಲಪ್ರಭೆಯ ನೀರಿನ ಜಗಳ ಕಂಡ ಸವದತ್ತಿ, ರಾಮದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುದ್ಧದಾಟದ ನಿಯಮಗಳಲ್ಲಿ ಧೈರ್ಯಗೆಟ್ಟು ಓಡುವ ತುಕಡಿಗೂ ಲೆಕ್ಕವಿರುತ್ತದೆ. ಶುರುವಿಗೇ ಒಲ್ಲೆ ಎನ್ನುವವನ ಬೊಂಬೆ ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ.

ಹವ್ಯಾಸದ ನಿಜವಾದ ಅಪಾಯ ನನಗೆ ಬೇರೆ ಕಡೆ ಕಾಣುತ್ತದೆ. ಈ ಬೊಂಬೆಗಳ ಹವ್ಯಾಸಿಗಳಲ್ಲಿ ಒಂದು ತಮಾಷೆಯ ಮಾತಿದೆ: ಕೊಂಡು ತಂದು, ತೆರೆಯದೆ, ಬಣ್ಣ ಹಚ್ಚದೆ ಕಪಾಟಿನಲ್ಲಿ ಬಿದ್ದ ಪೆಟ್ಟಿಗೆಗಳಿಗೆ ಅವರು ‘ನಾಚಿಕೆಯ ಗುಡ್ಡೆ’ ಎನ್ನುತ್ತಾರೆ. ಹೊಸ ಪೆಟ್ಟಿಗೆ ಬಂದಾಗಲೆಲ್ಲ ಹಳೆಯ ಗುಡ್ಡೆ ಬೆಳೆಯುತ್ತದೆ. ತಣ್ಹಾ ಎಂಬ ಪಾಲಿ ಪದಕ್ಕೆ ನಾನು ಮೂರು ವರ್ಷದಿಂದ ನಿಮಗೆ ಕೊಡುತ್ತಿರುವ ಉದಾಹರಣೆಗಳಲ್ಲಿ ಇದರಷ್ಟು ಚೊಕ್ಕವಾದದ್ದು ಸಿಕ್ಕಿರಲಿಲ್ಲ. ಸತ್ತ ಸುತ್ತದಲ್ಲಿ ಬುದ್ಧ ರಾಧನಿಗೆ ಹೇಳುವುದು ಮಕ್ಕಳ ಮಣ್ಣಿನ ಮನೆಯ ಕಥೆ. ಆಸೆ ಇರುವತನಕ ಅದನ್ನು ನನ್ನದು ಎಂದು ಕಾಯುತ್ತಾರೆ, ಆಸೆ ಹರಿದ ದಿನ ಕೈಕಾಲಿನಿಂದ ಕೆದರಿ ಆಟ ಮುಗಿಸುತ್ತಾರೆ. ಗಮನಿಸಿ, ಮಣ್ಣಿನ ಮನೆ ಕಟ್ಟಿದ್ದಕ್ಕೆ ಬುದ್ಧ ಆ ಮಕ್ಕಳನ್ನು ಬೈದಿಲ್ಲ. ಬೆಳಗಾವಿಯ ಕೋಟೆ ಹಬ್ಬ ಮುಗಿದ ಮೇಲೆ ಮತ್ತೆ ಮಣ್ಣು. ಮಣ್ಣೆತ್ತು ನೀರಿನಲ್ಲಿ ಕರಗುತ್ತದೆ. ಪ್ಲಾಸ್ಟಿಕ್ ಕರಗುವುದಿಲ್ಲ, ಆದ್ದರಿಂದ ಅದನ್ನು ಕೈಬಿಡುವ ಕೆಲಸ ಮನಸ್ಸೇ ಮಾಡಬೇಕು.

ಮುಂದಿನ ಭಾನುವಾರ ಬೆಳಿಗ್ಗೆ 10ಕ್ಕೆ ಬೈಲಹೊಂಗಲದ ಎಂದಿನ ಜಾಗದಲ್ಲಿ ಸತ್ತ ಸುತ್ತದ ಓದು. ಮಕ್ಕಳನ್ನು ಕರೆತನ್ನಿ. ಕೆರೆಯ ಜೇಡಿ ಒಂದು ಬುಟ್ಟಿ ನಾನು ತರುತ್ತೇನೆ; ಸವದತ್ತಿಯವರು ಹತ್ತಿ, ಕಿತ್ತೂರಿನವರು ಹುಣಸೆಬೀಜ ತಂದರೆ ಸಾಕು. ಬೀಜ ಹಿಂದಿನ ರಾತ್ರಿಯೇ ನೆನೆಹಾಕಿರಿ, ಇಲ್ಲದಿದ್ದರೆ ಸಿಪ್ಪೆ ಬಿಡುವುದಿಲ್ಲ.

ಜೈ ಭೀಮ್. ನಮೋ ಬುದ್ಧಾಯ.