ನಿಲಂಗಾದಿಂದ ಉದಗೀರಕ್ಕೆ ನೇರ ದೂರ ಎಷ್ಟು?

ಉಮರ್ಗಾ, ನಿಲಂಗಾ, ಉದಗೀರ ಊರುಗಳನ್ನು ನಕ್ಷೆಯ ಬಿಂದುಗಳೆಂದುಕೊಂಡರೆ ದೂರದ ಸೂತ್ರವನ್ನು ಉರು ಹೊಡೆಯಬೇಕಿಲ್ಲ. ಅಡ್ಡ ಅಂತರದ ವರ್ಗಕ್ಕೆ ಲಂಬ ಅಂತರದ ವರ್ಗ ಕೂಡಿಸಿ ವರ್ಗಮೂಲ ತೆಗೆದರಾಯಿತು. ಪೈಥಾಗೊರಸನ ಪ್ರಮೇಯವೇ ಇದು.

ನಿಲಂಗಾ ಸುಮಾರು 18.12° ಉತ್ತರ, 76.77° ಪೂರ್ವ, ಉದಗೀರ 18.39°, 77.12°. ಅಕ್ಷಾಂಶದ 0.27° ಎಂದರೆ, ಡಿಗ್ರಿಗೆ 111 ಕಿ.ಮೀ.ಯಂತೆ, 30 ಕಿ.ಮೀ. ರೇಖಾಂಶದಲ್ಲಿ ಮಾತ್ರ ಹುಷಾರು: ಇಲ್ಲಿ ಒಂದು ಡಿಗ್ರಿಗೆ 111 ಅಲ್ಲ, ಸುಮಾರು 105.5 ಕಿ.ಮೀ.; ಹಾಗಾಗಿ 0.35° ಅಂದರೆ 37. ಆಗ √(900 + 1369) ≈ 48 ಕಿ.ಮೀ. ಬಸ್ಸಿನ ದಾರಿ ಇದಕ್ಕಿಂತ ಉದ್ದ, ಅದು ಬೇರೆ ಮಾತು.

ಇದೇ ಸೂತ್ರ ಪರೀಕ್ಷೆಯಲ್ಲಿ ಬಂದಾಗ ಎಡವಿಸುವುದು ಋಣ ಚಿಹ್ನೆ. (−3, 2), (5, −4) ಕೊಟ್ಟರೆ ಅಂತರಗಳು 8 ಮತ್ತು 6, ಉತ್ತರ 10. ಚಿಹ್ನೆ ಮರೆತು 5ರಲ್ಲಿ 3, 4ರಲ್ಲಿ 2 ಕಳೆದವರಿಗೆ 2√2 ಬರುತ್ತದೆ. ಆಯ್ಕೆಗಳಲ್ಲಿ ಅದೂ ಇರಬಹುದು.