ಬ್ಯಾಟರಿ ಡ್ರಿಲ್ ಬದಲಿಸುವ ಮುನ್ನ

ಕೋರಮಂಡಲ್, ಬಂಗಾರಪೇಟೆ ಸುತ್ತಿನ ಸಣ್ಣ ಹಿಡುವಳಿದಾರರಲ್ಲಿ ಬೇಸಾಯದ ಜೊತೆಗೆ ಮರಗೆಲಸ, ಹನಿ ನೀರಾವರಿ ಜೋಡಣೆ, ನೆರಳು ಪರದೆ ಕಟ್ಟುವ ಕೆಲಸ ಮಾಡುವವರಿದ್ದಾರೆ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೈಕಸುಬು ಹಿಡಿದು ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರೂ ಉಂಟು. ಇಂತಹವರ ಡ್ರಿಲ್ ಕೆಟ್ಟರೆ ಅಂದಿನ ಕೂಲಿಯೇ ಹೋದಂತೆ. ಹಾಗೆಂದು ಆತುರದಲ್ಲಿ ಕೊಳ್ಳುವುದು ಸಲ್ಲದು.

ಮೊದಲು, ಸತ್ತಿರುವುದು ಯಂತ್ರವೋ ಬ್ಯಾಟರಿಯೋ ಎಂಬುದನ್ನು ತಿಳಿಯಬೇಕು. ಅದೇ ತಯಾರಿಕೆಯ, ಅದೇ ಮಾದರಿಗೆ ಹೊಂದುವ ಒಳ್ಳೆಯ ಬ್ಯಾಟರಿಯನ್ನು ಪರಿಚಯದವರಿಂದ ತಂದು ಹಾಕಿ ನೋಡಿದರೆ ಇದು ತಿಳಿಯುತ್ತದೆ. ಯಂತ್ರ ಚೆನ್ನಾಗಿ ತಿರುಗಿದರೆ ಬ್ಯಾಟರಿ ಮಾತ್ರ ಸಾಕು. ತಿರುಗದೆ ಕಿಡಿ ಹಾರಿಸಿದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಇದು ಅಲ್ಪ ಖರ್ಚಿನ ರಿಪೇರಿ. ಯಂತ್ರವೇ ಹೋಗಿದ್ದು ಬ್ಯಾಟರಿ, ಚಾರ್ಜರ್ ಗಟ್ಟಿಯಾಗಿದ್ದರೆ ಅದೇ ತಯಾರಿಕೆಯ ಬರಿಯ ಯಂತ್ರವನ್ನು ಕೊಳ್ಳುವುದು ಲಾಭಕರ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂಡುವುದಿಲ್ಲ.

ವೋಲ್ಟಿನ ಅಂಕಿಗೆ ಮರುಳಾಗಬಾರದು. 3.6 ವೋಲ್ಟಿನ ಐದು ಲಿಥಿಯಂ ಕೋಶ ಸೇರಿದರೆ 18 ವೋಲ್ಟ್. ಇದನ್ನೇ ಕೆಲವರು 20 ಎಂದು ಬರೆಯುತ್ತಾರೆ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ನಿಜವಾದ ಶಕ್ತಿಸಂಗ್ರಹ ತಿಳಿಯುತ್ತದೆ: 18 ವೋಲ್ಟ್, 2 ಆಂಪಿಯರ್-ಗಂಟೆಯದು 36 ವ್ಯಾಟ್-ಗಂಟೆ, 4ರದು 72. ಪಿವಿಸಿ ಕೊಳವೆಗೆ ರಂಧ್ರ ಕೊರೆಯಲು, ಬಾಗಿಲಿನ ತಿರುಪು ಬಿಗಿಯಲು 12 ವೋಲ್ಟಿನ ಹಗುರ ಯಂತ್ರ ಸಾಕು. ದಿನವಿಡೀ ಕಬ್ಬಿಣದ ಪೈಪು ಕೊರೆಯುವವರಿಗೆ 18 ವೋಲ್ಟ್, 13 ಮಿ.ಮೀ. ಚಕ್ ಮತ್ತು ಎರಡು ಬ್ಯಾಟರಿ ಬೇಕು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ತಲುಪಿದ ನಾಡಿದು, ನಿಜ; ಆದರೆ ತೋಟದ ಕೊನೆಯ ಸಾಲಿನಲ್ಲಿ ಚಾರ್ಜ್ ಮಾಡಲು ತಂತಿ ಎಲ್ಲಿ?

ಕೋಲಾರ ಸೀಮೆಯವರು ವಿಶೇಷವಾಗಿ ಗಮನಿಸಬೇಕಾದುದು ಕಲ್ಲು. ಬೇಲಿಯ ಕಲ್ಲುಕಂಬಕ್ಕೂ ಚಪ್ಪಡಿಗೂ ರಂಧ್ರ ಬೇಕಾಗುತ್ತದೆ. ಸಾಮಾನ್ಯ ಡ್ರಿಲ್ಲಿನ ಮೇಲೆ ಸುತ್ತಿಗೆಯ ಗುರುತಿದ್ದರೂ ಅದು ಇಟ್ಟಿಗೆ, ಗಾರೆಗೆ ತಕ್ಕುದು. ಗ್ರಾನೈಟಿಗೆ ಒತ್ತಿ ಹಿಡಿದರೆ ಬೈರಿಗೆಯ ಮೊನೆ ಸುಡುತ್ತದೆ, ಗೇರು ಸವೆಯುತ್ತದೆ. ಇದಕ್ಕೆ ಒಳಗಿನ ಕೊಂತವೇ ಹೊಡೆತ ಕೊಡುವ ರೋಟರಿ ಹ್ಯಾಮರ್ ಬೇಕು. ಒತ್ತಡದ ಗಾಳಿಯಿಂದ ನಡೆಯುತ್ತಿದ್ದ ಗಣಿಯ ಡ್ರಿಲ್ಲುಗಳೂ ಬಂಡೆಯನ್ನು ಹೊಡೆದೇ ಕೊರೆಯುತ್ತಿದ್ದವು. ವರ್ಷಕ್ಕೆ ನಾಲ್ಕು ದಿನ ಮಾತ್ರ ಕಲ್ಲಿನ ಕೆಲಸವಿರುವವರು ಇದನ್ನು ಬಾಡಿಗೆಗೆ ತರುವುದೇ ಮೇಲು.

ಅಂಗಡಿಯಲ್ಲಿ ಬೈರಿಗೆ ಸಿಕ್ಕಿಸಿ ತಿರುಗಿಸಿದಾಗ ಚಕ್ಕು ಓಲಾಡಬಾರದು. ತಲೆಯ ಮೇಲೆ ಕೈಯೆತ್ತಿ ಹಿಡಿದು ಭಾರವನ್ನೂ ನೋಡುವುದು ಒಳಿತು. ರಿಪೇರಿ ಬಂಗಾರಪೇಟೆಯಲ್ಲೋ ಕೋಲಾರದಲ್ಲೋ ದೊರೆಯುವುದೇ ಎಂದು ಕೇಳಿ, ರಸೀದಿ ಪಡೆಯಬೇಕು.

ಹೊಸ ಬ್ಯಾಟರಿಯನ್ನು ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿಡಬಾರದು. ಬಿಸಿಯಾಗಿದ್ದರೆ ಆರಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯಂತೆ ಪೂರ್ತಿ ಬರಿದು ಮಾಡುವ ಅಗತ್ಯವಿಲ್ಲ. ಸತ್ತ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಮಾರಾಟಗಾರರಿಗೋ ಸಂಗ್ರಹಣಾ ಕೇಂದ್ರಕ್ಕೋ ಒಪ್ಪಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅದರ ವಿಲೇವಾರಿಯ ಹೊಣೆ ತಯಾರಕರದು.