ಹಳೇ ಗಾಡಿಗೆ ಬ್ರೇಕ್ ಹೋಸ್ ಆರಿಸೋದು ಹೇಗೆ?

ಟೊಮೆಟೊ ಕ್ರೇಟ್ ಹೊತ್ತು ಮಂಡಿಗೆ ಹೋಗೋ ನನ್ನ ಹಳೇ ವ್ಯಾನಿನಲ್ಲಿ ಪೆಡಲ್ ಬಿಟ್ಟರೂ ಮುಂದಿನ ಒಂದು ಚಕ್ರ ಹಿಡಿದುಕೊಳ್ಳುತ್ತಿತ್ತು. ಹೋಸ್ ಹೊರಗೆ ಚೆನ್ನಾಗೇ ಇತ್ತು. ಒಳಗಿನ ರಬ್ಬರ್ ಊದಿಕೊಂಡು ಬ್ರೇಕ್ ಆಯಿಲ್ ವಾಪಸ್ ಹೋಗದಂತೆ ತಡೆದಿತ್ತು.

ಹೊಸದು ಕೊಳ್ಳುವಾಗ ನಾನು ನೋಡೋದು ಇಷ್ಟು:

- ಗಾಡಿಯ ಮಾಡೆಲ್, ವರ್ಷ ಹೇಳಿ. ಹಳೇ ಹೋಸ್ ಪಕ್ಕದಲ್ಲಿಟ್ಟು ಉದ್ದ, ತುದಿಯ ಥ್ರೆಡ್ ಹೋಲಿಸಿ.
- ಹೋಸ್ ಮೇಲೆ ಎಸ್‌ಎಇ ಜೆ1401 ಗುರುತು, ತಯಾರಾದ ದಿನಾಂಕ ಇದೆಯಾ ನೋಡಿ.
- ಎಡ-ಬಲ ಎರಡನ್ನೂ ಒಟ್ಟಿಗೆ ಬದಲಿಸಿ. ತಾಮ್ರದ ವಾಷರ್ ಇದ್ದರೆ ಅದೂ ಹೊಸದೇ ಇರಲಿ.
- ಸ್ಪ್ರೇಯರ್ ಪೈಪಿನ ತುಂಡಿಗೆ ಕ್ಲಾಂಪ್ ಹಾಕಿ ಕೆಲಸ ಸಾಗಿಸಲೇಬೇಡಿ. ಬ್ರೇಕಿನ ಒತ್ತಡಕ್ಕೆ ಅದು ಒಡೆಯುತ್ತದೆ.

ಹಾಕಿದ ಮೇಲೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಹೋಸ್ ಬಿಗಿಯಾಗಿ ಎಳೆಯಬಾರದು, ಟೈರಿಗೆ ತಾಗಬಾರದು. ಲೈನಿನ ಗಾಳಿ ತೆಗೆಸಿ, ಪೆಡಲ್ ಗಟ್ಟಿಯಾದ ಮೇಲೇ ಲೋಡ್ ಹಾಕಿ.